ಲಿಂಗನಮಕ್ಕಿ ಪಕ್ಕದಲ್ಲೇ ಇರುವಾಗ ಬ್ಯಾಟರಿ ಯಾಕೆ?

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಒಳಭಾಗದ ಹಳ್ಳಿ. ಲಿಂಗನಮಕ್ಕಿ, ಜೋಗ, ಶರಾವತಿ ವಿದ್ಯುದಾಗಾರ ಎಲ್ಲವೂ ನಮ್ಮ ಸುತ್ತಲೇ ಇವೆ. ನೀರು ಬಿಟ್ಟರೆ ಕರೆಂಟು ಬರುತ್ತದೆ. ಹಾಗಿದ್ದೂ ದೇಶಕ್ಕೆ ದೊಡ್ಡ ದೊಡ್ಡ ಬ್ಯಾಟರಿ ಬೇಕು ಎನ್ನುತ್ತಾರಲ್ಲ, ಯಾಕೆ? ಬ್ಯಾಟರಿ ಬಂದರೆ, ನೀರನ್ನು ಮೇಲಕ್ಕೆತ್ತಿ ಮತ್ತೆ ಇಳಿಸಿ ಕರೆಂಟು ಪಡೆಯುವ ಶರಾವತಿ ಕಣಿವೆಯ ಪಂಪ್ಡ್ ಸ್ಟೋರೇಜ್ ಯೋಜನೆ ಬೇಡವಾಗುತ್ತದೆಯೇ? ಇನ್ನೊಂದು, ಮನೆಗೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಬೇಕೆಂದಿದ್ದೇವೆ. ಮಳೆಗಾಲದಲ್ಲಿ ಎರಡು-ಮೂರು ದಿನ ಕರೆಂಟೇ ಇರುವುದಿಲ್ಲ. ಬ್ಯಾಟರಿ ಸೇರಿಸಿದರೆ ಪ್ರಯೋಜನವಿದೆಯೇ?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ನಿಮ್ಮೂರಿನ ನೀರಿನಲ್ಲೇ ಇದೆ, ಅಲ್ಲಿಂದಲೇ ಶುರು ಮಾಡೋಣ.

ತಲಕಳಲೆ ಜಲಾಶಯದಿಂದ ಶರಾವತಿ ವಿದ್ಯುದಾಗಾರಕ್ಕೆ ನೀರು ಸುಮಾರು 440 ಮೀಟರ್ ಎತ್ತರದಿಂದ ಇಳಿಯುತ್ತದೆ. ಅಷ್ಟು ಎತ್ತರದಿಂದ ಒಂದು ಘನ ಮೀಟರ್, ಅಂದರೆ 1,000 ಲೀಟರ್ ನೀರು ಇಳಿದರೆ, ಯಂತ್ರದಲ್ಲಾಗುವ ನಷ್ಟ ಕಳೆದು ಹೆಚ್ಚುಕಡಿಮೆ ಒಂದು ಯೂನಿಟ್ ವಿದ್ಯುತ್ ಸಿಗುತ್ತದೆ. ಮನೆಯ ಛಾವಣಿ ಮೇಲಿನ ಒಂದು ಸಾವಿರ ಲೀಟರ್ ಸಿಂಟೆಕ್ಸ್ ಟ್ಯಾಂಕನ್ನು ಕಣ್ಣ ಮುಂದೆ ತಂದುಕೊಳ್ಳಿ; ಅದರಷ್ಟು ನೀರಿಗೆ ಒಂದು ಯೂನಿಟ್. ಒಂದು ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರ್, ಹಾಗಾಗಿ ಒಂದು ಟಿಎಂಸಿಗೆ ಸುಮಾರು 2.8 ಕೋಟಿ ಯೂನಿಟ್. ಲಿಂಗನಮಕ್ಕಿ 1,819 ಅಡಿ ತುಂಬಿದಾಗ ಸುಮಾರು 150 ಟಿಎಂಸಿ ನೀರು ನಿಲ್ಲುತ್ತದೆ. ತಳದ ನೀರನ್ನು ಬಿಟ್ಟು ಲೆಕ್ಕ ಹಾಕಿದರೂ 400 ಕೋಟಿ ಯೂನಿಟ್ ಆಗುತ್ತದೆ.

ಅಂದರೆ ಲಿಂಗನಮಕ್ಕಿಯೇ ಒಂದು ಬ್ಯಾಟರಿ, ರಾಜ್ಯದಲ್ಲೇ ಅತಿ ದೊಡ್ಡವುಗಳಲ್ಲಿ ಒಂದು. ಆದರೆ ಅದು ಚಾರ್ಜ್ ಆಗುವುದು ವರ್ಷಕ್ಕೆ ಒಂದೇ ಸಲ: ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳು ಹಿಡಿದಾಗ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಂದದ್ದನ್ನು ಮುಂದಿನ ಮೇ ತಿಂಗಳವರೆಗೆ ಎಳೆಯಬೇಕು. ಮಳೆ ಕೈಕೊಟ್ಟರೆ ಅದನ್ನು ತುಂಬಿಸಲು ಬೇರೆ ದಾರಿಯೇ ಇಲ್ಲ. 2023ರಲ್ಲಿ ಆದದ್ದು ಅದೇ. ಮುಂಗಾರು ಸೊರಗಿತು, ಅಕ್ಟೋಬರ್‌ನಲ್ಲೇ ಬೇಸಿಗೆಯಂಥ ಬೇಡಿಕೆ ಬಂತು, ಪಂಪ್‌ಸೆಟ್‌ಗೆ 7 ಗಂಟೆ ಕೊಡಬೇಕಿದ್ದ ವಿದ್ಯುತ್ 5 ಗಂಟೆಗೆ ಇಳಿಯಿತು. ಈ ಜಲಾಶಯದ ನೀರು ಋತುವಿನ ಉಳಿತಾಯ. ಅದನ್ನು ದಿನನಿತ್ಯದ ಕೈಖರ್ಚಿಗೆ ಬಳಸಿದರೆ ಮಾರ್ಚ್‌ನಲ್ಲಿ ಕೈ ಖಾಲಿ.

ಈಗ ದಿನದ ಲೆಕ್ಕ ನೋಡಿ. ಕರ್ನಾಟಕದಲ್ಲಿ ಸೌರ ಮತ್ತು ಗಾಳಿ ವಿದ್ಯುತ್ತಿನ ಸ್ಥಾಪಿತ ಸಾಮರ್ಥ್ಯ ಸೇರಿ 15,000 ಮೆಗಾವ್ಯಾಟ್ ದಾಟಿದೆ. ಪಾವಗಡದ ಸೌರ ಪಾರ್ಕ್ ಒಂದೇ 2,050 ಮೆಗಾವ್ಯಾಟ್. ಫೆಬ್ರವರಿ-ಮಾರ್ಚ್‌ನ ಬಿಸಿಲಿನಲ್ಲಿ ಬೆಳಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ ಸೌರ ವಿದ್ಯುತ್ ಹರಿದು ಬರುತ್ತದೆ. ಆ ಹೊತ್ತಿನಲ್ಲಿ ಉಳಿದ ಕೇಂದ್ರಗಳು ತಗ್ಗಬೇಕು, ಆದರೆ ಎಲ್ಲವೂ ತಗ್ಗಲಾರವು. ಕೈಗಾದ 880 ಮೆಗಾವ್ಯಾಟ್ ಅಣು ವಿದ್ಯುತ್ ಸಮನಾಗಿ ಓಡುತ್ತಲೇ ಇರುತ್ತದೆ. ರಾಯಚೂರು, ಬಳ್ಳಾರಿ, ಯರಮರಸ್ ಕಲ್ಲಿದ್ದಲು ಘಟಕಗಳನ್ನು ಸಾಮರ್ಥ್ಯದ ಶೇ. 55ಕ್ಕಿಂತ ಕೆಳಗೆ ಇಳಿಸುವುದು ಕಷ್ಟ. ಹಾಗೆಂದು ನಂದಿಸಿಬಿಟ್ಟರೆ ಬಾಯ್ಲರ್ ಮತ್ತೆ ಬಿಸಿಯಾಗಲು ಹಲವು ಗಂಟೆ ಬೇಕು, ಸಂಜೆಗೆ ಅದು ಒದಗುವುದಿಲ್ಲ. ಹಾಗಾಗಿ ಮಧ್ಯಾಹ್ನ ಬಿಸಿಲಿದ್ದರೂ ಕೆಲವೊಮ್ಮೆ ಸೌರ ಪಾರ್ಕ್‌ಗಳಿಗೇ ‘ತಗ್ಗಿಸಿ’ ಎಂಬ ಸೂಚನೆ ಹೋಗುತ್ತದೆ. ಬಿಸಿಲು ಇಂಧನವಾಗಿ ಪುಕ್ಕಟೆ; ಅದನ್ನೇ ಬಿಟ್ಟುಕೊಡುತ್ತೇವೆ.

ಅದೇ ದಿನ ಸಂಜೆ ನಾಲ್ಕಕ್ಕೆ ಬಿಸಿಲು ಇಳಿಯಲು ಶುರು. ಆರೂವರೆಗೆ ಸೌರ ವಿದ್ಯುತ್ ಸೊನ್ನೆ. ಮನೆಮನೆಯಲ್ಲಿ ದೀಪ, ಫ್ಯಾನು, ಟಿ.ವಿ., ಮಿಕ್ಸಿ, ನಗರಗಳಲ್ಲಿ ಏ.ಸಿ. ಶುರುವಾಗುವುದು ಆಗಲೇ. ಎರಡೂವರೆ ಗಂಟೆಯೊಳಗೆ ಸಾವಿರಾರು ಮೆಗಾವ್ಯಾಟ್ ಒಂದು ಕಡೆಯಿಂದ ಜಾರಿ ಇನ್ನೊಂದು ಕಡೆಯಿಂದ ಬರಬೇಕು. ವಿದ್ಯುತ್ತನ್ನು ಕೊಂಡು ಮಾರುವ ಮಾರುಕಟ್ಟೆಯಾದ ವಿದ್ಯುತ್ ವಿನಿಮಯ ಕೇಂದ್ರದ ದರದಲ್ಲೂ ಇದು ಕಾಣುತ್ತದೆ: ಮಧ್ಯಾಹ್ನ ಯೂನಿಟ್‌ಗೆ ಎರಡು-ಮೂರು ರೂಪಾಯಿಗೆ ಇಳಿಯುವ ದರ, ಬಿಗಿಯಾದ ಬೇಸಿಗೆಯ ಸಂಜೆ ಮಿತಿಯಾದ 10 ರೂಪಾಯಿ ಮುಟ್ಟುತ್ತದೆ. ಬ್ಯಾಟರಿಯ ಮೊದಲ ಕೆಲಸ ಈ ನಾಲ್ಕು ಗಂಟೆಯ ಹಳ್ಳ ತುಂಬುವುದು, ಮಧ್ಯಾಹ್ನ ಉಳಿದದ್ದನ್ನು ಸಂಜೆ 6ರಿಂದ 10ಕ್ಕೆ ಸಾಗಿಸುವುದು.

‘ಆ ಹೊತ್ತಿಗೆ ಶರಾವತಿ ಓಡಿಸಿದರಾಯಿತು’ ಎನ್ನುವಿರಿ. ಓಡಿಸುತ್ತಾರೆ, ಈಗಲೂ ಸಂಜೆಯ ಬೆನ್ನೆಲುಬು ಅದೇ. ನಿಂತ ಯಂತ್ರ ಕೆಲವೇ ನಿಮಿಷದಲ್ಲಿ ಪೂರ್ಣ ಹೊರೆಗೆ ಬರುತ್ತದೆ, ಕಲ್ಲಿದ್ದಲಿಗೆ ಅದು ಸಾಧ್ಯವಿಲ್ಲ. ಆದರೆ ಎರಡು ಮಿತಿ ಇದೆ. ಮೊದಲನೆಯದು ಯಂತ್ರದ್ದು. ತಲಾ 103.5 ಮೆಗಾವ್ಯಾಟ್‌ನ ಹತ್ತು ಘಟಕಗಳು, ಒಟ್ಟು 1,035. ಜೋಗದ ಮಹಾತ್ಮ ಗಾಂಧಿ ಕೇಂದ್ರ 139.2, ಗೇರುಸೊಪ್ಪ 240, ಲಿಂಗನಮಕ್ಕಿ ಅಣೆಕಟ್ಟೆಯ ಬುಡದ್ದು 55, ಆಚೆ ಕಡೆ ವಾರಾಹಿ 460. ಎಲ್ಲ ಕೂಡಿದರೂ 2,000 ಮೆಗಾವ್ಯಾಟ್ ಆಗುವುದಿಲ್ಲ. ರಾಜ್ಯದ ಗರಿಷ್ಠ ಬೇಡಿಕೆಯೋ 2024ರಲ್ಲೇ 17,000 ದಾಟಿದೆ. ಎರಡನೆಯ ಮಿತಿ ನೀರಿನದು. ಶರಾವತಿಯ ಹತ್ತೂ ಘಟಕ ಪೂರ್ತಿ ಓಡಿದರೆ ಇಪ್ಪತ್ತೇಳು-ಇಪ್ಪತ್ತೆಂಟು ಗಂಟೆಗೆ ಒಂದು ಟಿಎಂಸಿ ಖರ್ಚು. ದಿನಾ ಸಂಜೆ ಬ್ಯಾಟರಿ ಮಾಡಬಹುದಾದ ಕೆಲಸಕ್ಕೆ ಈ ನೀರನ್ನು ಹರಿಸಿದರೆ, ಬ್ಯಾಟರಿ ಮಾಡಲಾಗದ ಋತುವಿನ ಕೆಲಸಕ್ಕೆ ಅದು ಉಳಿಯುವುದಿಲ್ಲ. ದೇಶದ ಗ್ರಿಡ್‌ನಲ್ಲಿ, ಅಂದರೆ ವಿದ್ಯುತ್ ಜಾಲದಲ್ಲಿ, ಬ್ಯಾಟರಿ ಇಟ್ಟರೆ ಮಲೆನಾಡಿಗೆ ಏನು ಲಾಭ ಎಂದು ಕೇಳಿದರೆ ನನ್ನ ನೇರ ಉತ್ತರ ಇದು: ಲಿಂಗನಮಕ್ಕಿಯ ನೀರು ಏಪ್ರಿಲ್ ತನಕ ಉಳಿಯುತ್ತದೆ.

ಇನ್ನು ಸೆಕೆಂಡಿನ ಲೆಕ್ಕ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕೆ.ವಿ. ಮಾರ್ಗ ಜೋಡಣೆಯಾದ ಮೇಲೆ ಇಡೀ ಭಾರತ ಒಂದೇ ಗ್ರಿಡ್. ಕಾಶ್ಮೀರದ ಮೋಟರೂ ತೀರ್ಥಹಳ್ಳಿಯ ಮೋಟರೂ ಒಂದೇ 50 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 50 ಆವರ್ತನದ, ತಾಳಕ್ಕೆ ತಿರುಗುತ್ತವೆ. ಈ ತಾಳ 49.90ರಿಂದ 50.05ರ ನಡುವೆ ಇರಬೇಕೆಂಬುದು ನಿಯಮ. ಎಲ್ಲೋ ಒಂದು ದೊಡ್ಡ ಘಟಕ ಕಳಚಿಕೊಂಡರೆ ಆ ಕ್ಷಣವೇ ತಾಳ ಇಳಿಯತೊಡಗುತ್ತದೆ. ಆಗ ಮೊದಲು ಕೈ ಹಿಡಿಯುವುದು ತಿರುಗುತ್ತಿರುವ ಭಾರ. ನೂರಾರು ಟನ್ ತೂಗುವ ಜನರೇಟರ್ ಚಕ್ರಗಳು ತಮ್ಮ ಓಟದ ಬಲದಿಂದಲೇ ಕೆಲವು ಸೆಕೆಂಡು ಕೊರತೆ ತುಂಬಿಕೊಡುತ್ತವೆ, ಅಷ್ಟರಲ್ಲಿ ಯಂತ್ರದ ವೇಗ ಕಾಯುವ ಗವರ್ನರ್‌ಗಳು ನೀರನ್ನೋ ಉಗಿಯನ್ನೋ ಹೆಚ್ಚಿಸುತ್ತವೆ. ಸೌರ ಫಲಕದಲ್ಲಿ ತಿರುಗುವುದು ಏನೂ ಇಲ್ಲ. ಮಧ್ಯಾಹ್ನ ಸೌರದ ಪಾಲು ಹೆಚ್ಚಿದಷ್ಟೂ ತಿರುಗುವ ಭಾರ ಕಡಿಮೆ, ತಾಳ ಬೀಳುವ ವೇಗ ಜಾಸ್ತಿ. ಬ್ಯಾಟರಿ ಸೆಕೆಂಡಿನ ಒಂದು ಸಣ್ಣ ಭಾಗದಲ್ಲೇ ಸೊನ್ನೆಯಿಂದ ಪೂರ್ಣ ಬಲಕ್ಕೆ ಬರುತ್ತದೆ. ನೀರು, ಉಗಿಯಿಂದ ಓಡುವ ಯಾವ ಕೇಂದ್ರಕ್ಕೂ ಆ ವೇಗ ಇಲ್ಲ. ದಕ್ಷಿಣ ಆಸ್ಟ್ರೇಲಿಯಾ 2016ರ ಸೆಪ್ಟೆಂಬರ್‌ನಲ್ಲಿ ಬಿರುಗಾಳಿಗೆ ಸಿಕ್ಕಿ ಪೂರ್ತಿ ಕತ್ತಲಾಯಿತು. ಮರುವರ್ಷ ಹಾರ್ನ್ಸ್‌ಡೇಲ್‌ನಲ್ಲಿ 100 ಮೆಗಾವ್ಯಾಟ್ ಬ್ಯಾಟರಿ ನಿಲ್ಲಿಸಿದರು. ಆ ಡಿಸೆಂಬರ್‌ನಲ್ಲೇ ದೂರದ ವಿಕ್ಟೋರಿಯಾದಲ್ಲಿ ಒಂದು ಕಲ್ಲಿದ್ದಲು ಘಟಕ ಕಳಚಿದಾಗ, ಉಳಿದವು ಎಚ್ಚೆತ್ತುಕೊಳ್ಳುವ ಮೊದಲೇ ಈ ಬ್ಯಾಟರಿ ವಿದ್ಯುತ್ ಕೊಡಲು ಶುರು ಮಾಡಿತ್ತು. ಒಂದು ಎಚ್ಚರಿಕೆ: ಬ್ಯಾಟರಿಯ ಡಿ.ಸಿ. ವಿದ್ಯುತ್ತನ್ನು ಗ್ರಿಡ್‌ನ ಎ.ಸಿ. ಮಾಡಿಕೊಡುವ ಸಾಮಾನ್ಯ ಇನ್ವರ್ಟರ್ ಗ್ರಿಡ್‌ನ ತಾಳವನ್ನು ಹಿಂಬಾಲಿಸುತ್ತದೆ, ತಾನೇ ತಾಳ ಹಾಕುವುದಿಲ್ಲ. ತಾಳ ಹಾಕಬಲ್ಲ ಇನ್ವರ್ಟರ್ ಬೇರೆ ಜಾತಿಯದು. ದೊಡ್ಡ ಬ್ಯಾಟರಿಗಳಿಗೆ ಅದನ್ನೇ ಕಡ್ಡಾಯ ಮಾಡುವುದು ಒಳ್ಳೆಯದು, ಆಮೇಲೆ ಬದಲಿಸುವುದು ದುಬಾರಿ.

ಸುದ್ದಿಯಲ್ಲಿ ‘1,000 ಮೆಗಾವ್ಯಾಟ್ ಬ್ಯಾಟರಿ’ ಎಂದು ಓದಿದರೆ ತಕ್ಷಣ ಕೇಳಬೇಕಾದ್ದು: ಎಷ್ಟು ಗಂಟೆಗೆ? ಮೆಗಾವ್ಯಾಟ್ ಎಂದರೆ ನಲ್ಲಿಯ ಅಗಲ, ಮೆಗಾವ್ಯಾಟ್-ಗಂಟೆ (1,000 ಯೂನಿಟ್) ಎಂದರೆ ಹಂಡೆಯ ಗಾತ್ರ. ಛತ್ತೀಸಗಢದ ರಾಜನಾಂದಗಾಂವ್‌ನಲ್ಲಿ ಸೌರ ಕೇಂದ್ರದ ಜೊತೆಗಿರುವ ಬ್ಯಾಟರಿ 40 ಮೆಗಾವ್ಯಾಟ್, 120 ಮೆಗಾವ್ಯಾಟ್-ಗಂಟೆ. ಅಂದರೆ ಮೂರು ಗಂಟೆ ಪೂರ್ತಿ ಹರಿಯುತ್ತದೆ. ದೆಹಲಿಯ ಕಿಲೋಕ್ರಿಯದ್ದು 20 ಮೆಗಾವ್ಯಾಟ್, 40 ಮೆಗಾವ್ಯಾಟ್-ಗಂಟೆ. ಹಂಡೆಯ ಗಾತ್ರ ಹೇಳದ ಸುದ್ದಿ ಅರ್ಧ ಸುದ್ದಿ.

ಬ್ಯಾಟರಿಯ ಒಳಗೆ ಏನಿದೆ? ಈಗ ಗ್ರಿಡ್‌ಗೆ ಹೆಚ್ಚಾಗಿ ಬಳಸುವುದು ಲಿಥಿಯಂ ಐರನ್ ಫಾಸ್ಫೇಟ್ ಸೆಲ್. ಸಾಮಾನ್ಯವಾಗಿ ಸಿಗುವ ದೊಡ್ಡ ಸೆಲ್ 3.2 ವೋಲ್ಟ್, 314 ಆಂಪಿಯರ್-ಗಂಟೆ. ಗುಣಿಸಿ ನೋಡಿ: ಹೆಚ್ಚುಕಡಿಮೆ ಸರಿಯಾಗಿ ಒಂದು ಯೂನಿಟ್. ತೂಕ ಐದೂವರೆ ಕಿಲೋ ಆಸುಪಾಸು. 440 ಮೀಟರ್ ಇಳಿದ ಸಾವಿರ ಲೀಟರ್ ಶರಾವತಿ ನೀರಿಗೂ ಒಂದು ಕೈಯಲ್ಲಿ ಎತ್ತಬಹುದಾದ ಈ ಡಬ್ಬಿಗೂ ಒಂದೇ ಕಸುವು. ನೀರು ಒಮ್ಮೆ ಇಳಿದರೆ ಸಮುದ್ರಕ್ಕೆ, ಸೆಲ್ಲನ್ನು ಆರು ಸಾವಿರ ಸಲದ ಆಸುಪಾಸು ತುಂಬಿ ಖಾಲಿ ಮಾಡಬಹುದು. ಇಂಥ ಐದು ಸಾವಿರ ಸೆಲ್ಲುಗಳನ್ನು 20 ಅಡಿಯ ಒಂದು ಕಂಟೈನರ್‌ನಲ್ಲಿ ಜೋಡಿಸಿದರೆ 5 ಮೆಗಾವ್ಯಾಟ್-ಗಂಟೆ. ಸಂಜೆ 1,000 ಮೆಗಾವ್ಯಾಟನ್ನು ನಾಲ್ಕು ಗಂಟೆ ಕೊಡಲು ಹೀಗೆ 800 ಕಂಟೈನರ್ ಬೇಕು. ದೊಡ್ಡ ಕೆಲಸ, ಆದರೆ ಆಗದ್ದಲ್ಲ. ಲಿಂಗನಮಕ್ಕಿಯ 400 ಕೋಟಿ ಯೂನಿಟ್ ಹಿಡಿದಿಡಲು ಎಷ್ಟು ಬೇಕು ಗೊತ್ತೇ? ಎಂಟು ಲಕ್ಷ ಕಂಟೈನರ್. ಋತುವಿನ ಕೆಲಸಕ್ಕೆ ಬ್ಯಾಟರಿಯಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಕೆಡುವುದು ಎಲ್ಲಿ? ಮೊದಲನೆಯದು ಬಿಸಿ. ಸೆಲ್ಲಿಗೆ 25 ಡಿಗ್ರಿ ಹಿತ. 40ರ ಮೇಲೆ ದಿನವೂ ದುಡಿದರೆ ಆಯುಸ್ಸು ಬೇಗ ತಗ್ಗುತ್ತದೆ. ಹಾಗಾಗಿ ಕಂಟೈನರ್‌ನಲ್ಲಿ ತಂಪುಗೊಳಿಸುವ ವ್ಯವಸ್ಥೆ ಸದಾ ಓಡುತ್ತಿರಬೇಕು, ಅದೂ ವಿದ್ಯುತ್ ತಿನ್ನುತ್ತದೆ. ಎರಡನೆಯದು ಅಸಮತೋಲ. ಸರಣಿಯಲ್ಲಿರುವ ನೂರಾರು ಸೆಲ್ಲುಗಳಲ್ಲಿ ಒಂದು ದುರ್ಬಲವಾದರೂ ಇಡೀ ಸರಣಿ ಅದರ ಮಟ್ಟಕ್ಕೇ ನಿಲ್ಲುತ್ತದೆ, ಯಾಕೆಂದರೆ ಆ ಒಂದು ಸೆಲ್ ಖಾಲಿಯಾದ ಕೂಡಲೇ ನಿಯಂತ್ರಣ ವ್ಯವಸ್ಥೆ ಸರಣಿಯನ್ನೇ ಕಡಿದುಹಾಕುತ್ತದೆ. ಮೂರನೆಯದು ಬೆಂಕಿ. ಒಂದು ಸೆಲ್ ಒಳಗೇ ಶಾರ್ಟ್ ಆಗಿ ಕಾದರೆ ಪಕ್ಕದ್ದನ್ನೂ ಕಾಯಿಸುತ್ತದೆ, ಆ ಸರಪಳಿಯನ್ನು ನಿಲ್ಲಿಸುವುದು ಕಷ್ಟ. 2025ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್‌ನಲ್ಲಿ ದೊಡ್ಡ ಬೆಂಕಿಯಾಯಿತು. ಅಲ್ಲಿದ್ದದ್ದು ನಿಕಲ್ ಬಳಸುವ ಹಳೆಯ ಮಾದರಿ, ಅದೂ ಒಂದೇ ಕಟ್ಟಡದೊಳಗೆ ಒತ್ತೊತ್ತಾಗಿ. ಐರನ್ ಫಾಸ್ಫೇಟ್ ಅಷ್ಟು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಬೇರೆ ಬೇರೆ ಕಂಟೈನರ್, ನಡುವೆ ಅಂತರ ಇದ್ದರೆ ಹೊತ್ತಿದರೂ ಒಂದಕ್ಕೇ ಮುಗಿಯುತ್ತದೆ. ಅಂತರ ಕಡಿಮೆ ಮಾಡಿ ಜಾಗ ಉಳಿಸುವ ಆಸೆಗೆ ಬೀಳಬಾರದು. ಜೊತೆಗೆ ವರ್ಷಕ್ಕೆ ಶೇ. 2ರ ಆಸುಪಾಸು ಸಾಮರ್ಥ್ಯ ತಾನಾಗಿ ಇಳಿಯುತ್ತದೆ. ನೂರು ಯೂನಿಟ್ ಹಾಕಿದರೆ ವಾಪಸು ಬರುವುದು 85ರಿಂದ 88.

ಖರ್ಚಿನ ಮಾತು. 2022ರಲ್ಲಿ ಕೇಂದ್ರದ ಸೌರ ನಿಗಮ ಎರಡು ಗಂಟೆಯ ಬ್ಯಾಟರಿಗೆ ಟೆಂಡರ್ ಕರೆದಾಗ ಬಂದ ದರ ಒಂದು ಮೆಗಾವ್ಯಾಟ್‌ಗೆ ತಿಂಗಳಿಗೆ ಸುಮಾರು 10.8 ಲಕ್ಷ ರೂಪಾಯಿ ಬಾಡಿಗೆ. 2025ರಲ್ಲಿ ಕೆಲವು ರಾಜ್ಯಗಳಲ್ಲಿ, ಕೇಂದ್ರದ ಸಹಾಯಧನವೂ ಸೇರಿ, ಅದು ಎರಡೂವರೆ ಲಕ್ಷಕ್ಕಿಂತ ಕೆಳಗೆ ಬಂತು. 2.25 ಲಕ್ಷ ಎಂದಿಟ್ಟುಕೊಳ್ಳಿ: ವರ್ಷಕ್ಕೆ 27 ಲಕ್ಷ. ಒಂದು ಮೆಗಾವ್ಯಾಟ್ ಎರಡು ಗಂಟೆ ಹರಿದರೆ 2,000 ಯೂನಿಟ್; ದಿನಕ್ಕೊಮ್ಮೆ ಹಾಗೆ 350 ದಿನ ಬಳಸಿದರೆ 7 ಲಕ್ಷ ಯೂನಿಟ್. ಒಂದು ಯೂನಿಟ್ ಇಟ್ಟು ತೆಗೆಯಲು ಸುಮಾರು 3 ರೂಪಾಯಿ 85 ಪೈಸೆ. ಮಧ್ಯಾಹ್ನದ ಸೌರ ವಿದ್ಯುತ್ತಿನ ಎರಡೂವರೆ-ಮೂರು ರೂಪಾಯಿ ಮತ್ತು ನಷ್ಟ ಸೇರಿಸಿ ಏಳರ ಆಸುಪಾಸು. ಸಂಜೆ 10 ರೂಪಾಯಿಗೆ ಕೊಳ್ಳುವುದಕ್ಕಿಂತ ಇದು ಅಗ್ಗ. ದಿನಕ್ಕೆ ಎರಡು ಸಲ ಬಳಸಿದರೆ ಇನ್ನೂ ಅಗ್ಗ. ಈ ಬದಲಾವಣೆ ಆದದ್ದು ಮೂರೇ ವರ್ಷದಲ್ಲಿ. ಐದು ವರ್ಷದ ಹಿಂದೆ ‘ಬ್ಯಾಟರಿ ದುಬಾರಿ’ ಎಂದವರ ಮಾತು ಆಗ ಸರಿಯಿತ್ತು, ಈಗ ಲೆಕ್ಕ ಹೊಸದಾಗಿ ಹಾಕಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರವೂ 2025ರ ಫೆಬ್ರವರಿಯಲ್ಲಿ, ಹೊಸ ಸೌರ ಟೆಂಡರುಗಳಲ್ಲಿ ಸಾಮರ್ಥ್ಯದ ಶೇ. 10ರಷ್ಟಾದರೂ ಎರಡು ಗಂಟೆಯ ಸಂಗ್ರಹ ಅಲ್ಲೇ ಇರಲಿ ಎಂದು ಸಲಹೆ ಕೊಟ್ಟಿದೆ.

ಬ್ಯಾಟರಿಗಿಂತ ಅಗ್ಗದ ದಾರಿಯೂ ಒಂದಿದೆ: ಸಂಜೆಯ ಹೊರೆಯನ್ನು ಹಗಲಿಗೆ ಸರಿಸುವುದು. ಜನವರಿಯಿಂದ ಮೇವರೆಗೆ ತೋಟಕ್ಕೆ ಸ್ಪ್ರಿಂಕ್ಲರ್ ಬಿಡುವ ಪಂಪ್‌ಸೆಟ್‌ಗಳಿಗೆ ಮೂರು ಫೇಸ್ ವಿದ್ಯುತ್ತನ್ನು ರಾತ್ರಿ ಕೊಡುವ ಬದಲು ಬೆಳಗ್ಗೆ 9ರಿಂದ 4ರೊಳಗೆ ಕೊಟ್ಟರೆ, ಆ ನೀರೇ ಸಂಗ್ರಹವಾದಂತೆ. ರೈತ ರಾತ್ರಿ ಹಾವಿನ ಭಯದಲ್ಲಿ ತೋಟಕ್ಕೆ ಹೋಗುವುದೂ ತಪ್ಪುತ್ತದೆ. ಕೇಂದ್ರದ ಕುಸುಮ್ ಯೋಜನೆಯಲ್ಲಿ ಕೃಷಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಒಯ್ಯುವ ಫೀಡರ್‌ಗಳ ಪಕ್ಕ ಸೌರ ಘಟಕ ಹಾಕುವ ಉದ್ದೇಶ ಇದೇ. ಮಲೆನಾಡಿನಲ್ಲಿ ಇದಕ್ಕೆ ಜಾಗ ಕಡಿಮೆ, ಬಯಲುಸೀಮೆಯಲ್ಲಿ ಬೇಕಾದಷ್ಟಿದೆ.

ಪಂಪ್ಡ್ ಸ್ಟೋರೇಜ್ ವಿಷಯ. ತಲಕಳಲೆಯನ್ನು ಮೇಲಿನ ಕೆರೆ, ಗೇರುಸೊಪ್ಪವನ್ನು ಕೆಳಗಿನ ಕೆರೆ ಮಾಡಿಕೊಂಡು 2,000 ಮೆಗಾವ್ಯಾಟ್‌ನ ಭೂಗತ ಕೇಂದ್ರ ಕಟ್ಟುವುದು ಪ್ರಸ್ತಾವ. ಮಧ್ಯಾಹ್ನ ನೀರು ಮೇಲಕ್ಕೆ, ಸಂಜೆ ಕೆಳಕ್ಕೆ. ‘ಇರುವ ಯಂತ್ರವನ್ನೇ ತಿರುಗಾಮುರುಗ ಓಡಿಸಬಾರದೇ’ ಎಂದು ಹಲವರು ಕೇಳುತ್ತಾರೆ. ಆಗದು. ಈಗಿರುವುದು ಪೆಲ್ಟನ್ ಚಕ್ರ. ಅದು ಗಾಳಿಯಲ್ಲಿ ತಿರುಗುತ್ತದೆ, ಬಟ್ಟಲಿಗೆ ನೀರಿನ ಧಾರೆ ಹೊಡೆಯುತ್ತದೆ; ಹಿಂದಕ್ಕೆ ತಿರುಗಿಸಿದರೆ ನೀರನ್ನು ಎತ್ತಲಾರದು. ಅದಕ್ಕೇ ಹೊಸ ಸುರಂಗ, ನೀರಿನ ಮಟ್ಟಕ್ಕಿಂತ ಕೆಳಗೆ ಕೂರುವ ಹೊಸ ಯಂತ್ರ ಬೇಕಾಗುವುದು.

ಪಂಪ್ಡ್ ಸ್ಟೋರೇಜ್‌ಗೆ ತನ್ನದೇ ಬಲವಿದೆ: ಆರು ಗಂಟೆ, ಎಂಟು ಗಂಟೆ ಓಡಬಲ್ಲದು, ನಾಲ್ಕೈದು ದಶಕ ಬಾಳುತ್ತದೆ, ತಿರುಗುವ ಭಾರವನ್ನೂ ಕೊಡುತ್ತದೆ. ವಾಪಸು ಬರುವುದು ನೂರಕ್ಕೆ 75ರಿಂದ 80. ಕೇಂದ್ರದ ವಿದ್ಯುತ್ ಯೋಜನೆ 2031-32ಕ್ಕೆ ಎರಡೂ ಬೇಕೆನ್ನುತ್ತದೆ: ಬ್ಯಾಟರಿ 47 ಗಿಗಾವ್ಯಾಟ್, ಪಂಪ್ಡ್ ಸುಮಾರು 27. ಆದ್ದರಿಂದ ‘ಬ್ಯಾಟರಿ ಬಂದರೆ ಪಂಪ್ಡ್ ಸ್ಟೋರೇಜೇ ಬೇಡ’ ಎಂದು ನಾನು ಹೇಳಲಾರೆ. ‘ಶರಾವತಿ ಕಣಿವೆಯಲ್ಲೇ ಆಗಬೇಕೇ’ ಎಂಬ ಪ್ರಶ್ನೆಗೆ ಮಾತ್ರ ನನ್ನ ಉತ್ತರ, ಬೇಡ. ಅದು ಸಿಂಗಳೀಕಗಳ ಅಭಯಾರಣ್ಯ. ಒಮ್ಮೆ ಕಡಿದ ಆ ಕಾಡನ್ನು ಬೇರೆ ಕಡೆ ಸಸಿ ನೆಟ್ಟು ತುಂಬಿಕೊಡಲು ಬರುವುದಿಲ್ಲ. ಸಂಜೆಯ ನಾಲ್ಕು ಗಂಟೆಯ ಕೆಲಸಕ್ಕೆ ಬ್ಯಾಟರಿ ಸಾಕು, ಅದಕ್ಕೆ ಕಣಿವೆ ಬೇಡ, ಸಬ್‌ಸ್ಟೇಷನ್ ಪಕ್ಕದ ಬಯಲು ಸಾಕು. ಪಾವಗಡದಲ್ಲಿ ಇಟ್ಟರೆ ಸೌರ ಪಾರ್ಕ್‌ನ ತಂತಿಗಳನ್ನೇ ಸಂಜೆಯೂ ಬಳಸಬಹುದು. ಹೆಚ್ಚು ಗಂಟೆಯ ಸಂಗ್ರಹಕ್ಕೆ ನದಿಯಿಂದ ದೂರ, ಒಣ ಗುಡ್ಡದ ಮೇಲೊಂದು ಕೆಳಗೊಂದು ಕೆರೆ ಕಟ್ಟಿ, ಅದೇ ನೀರನ್ನು ಸುತ್ತಿಸುವ ಮಾದರಿ ಇದೆ. ಆಂಧ್ರದ ಪಿನ್ನಪುರಂನ 1,680 ಮೆಗಾವ್ಯಾಟ್ ಯೋಜನೆ ಹಾಗೆ ಕಟ್ಟಿದ್ದು. ವಿದ್ಯುತ್ತಿಗಾಗಿ ಊರು-ಗದ್ದೆ ಮುಳುಗಿಸಿಕೊಂಡು, ಭೂಮಿಯ ಹಕ್ಕುಪತ್ರಕ್ಕೆ ಇನ್ನೂ ಅಲೆಯುತ್ತಿರುವ ಜನ ಇರುವ ತಾಲ್ಲೂಕು ನಿಮ್ಮದು. ಬೇರೆ ದಾರಿ ಇರುವಾಗ ಅದೇ ಕಣಿವೆಯನ್ನು ಮತ್ತೆ ಕೇಳುವುದು ನ್ಯಾಯವಲ್ಲ.

ಇನ್ನು ನಿಮ್ಮ ಮನೆ. ಮಳೆಗಾಲದಲ್ಲಿ ಮೂರು ದಿನ ಕರೆಂಟು ಹೋಗುವುದಕ್ಕೂ ಇಷ್ಟು ಹೊತ್ತು ಹೇಳಿದ ಕೊರತೆಗೂ ಸಂಬಂಧವಿಲ್ಲ. ಆ ದಿನಗಳಲ್ಲಿ ರಾಜ್ಯದಲ್ಲಿ ವಿದ್ಯುತ್ ಸಾಕಷ್ಟಿರುತ್ತದೆ. ಸೌರ ಕಡಿಮೆಯಾದರೂ ಚಿತ್ರದುರ್ಗ, ಗದಗದ ಗಾಳಿಯಂತ್ರಗಳು ಆಷಾಢದ ಗಾಳಿಗೇ ಹೆಚ್ಚು ತಿರುಗುತ್ತವೆ. ನಿಮ್ಮಲ್ಲಿ ಹೋಗುವುದು ಕಾಡಿನ ನಡುವೆ ಹಾದ 11 ಕೆ.ವಿ. ತಂತಿ ಮೇಲೆ ಮರ ಬಿದ್ದು, ಕಂಬ ಮುರಿದು, ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟು. ಪಾವಗಡದಲ್ಲಿ ಎಷ್ಟು ಬ್ಯಾಟರಿ ಇಟ್ಟರೂ ಅದು ಸರಿಯಾಗದು. ಅದಕ್ಕೆ ಹೊದಿಕೆಯ ತಂತಿ ಬೇಕು, ಮೇ ತಿಂಗಳೊಳಗೆ ಕೊಂಬೆ ಸವರಬೇಕು. ಮನೆಯ ಬ್ಯಾಟರಿ ಉಪಯೋಗಕ್ಕೆ ಬರುವುದು ಇಲ್ಲೇ.

ಮೊದಲು ತಿಳಿಯಬೇಕಾದ್ದು: ಬ್ಯಾಟರಿ ಇಲ್ಲದೆ ನೇರ ಲೈನ್‌ಗೆ ಜೋಡಿಸಿದ ಸಾಮಾನ್ಯ ಆನ್‌ಗ್ರಿಡ್ ಸೋಲಾರ್, ಲೈನ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಸುಡುಬಿಸಿಲಿದ್ದರೂ ಒಂದು ಬಲ್ಬ್ ಉರಿಯುವುದಿಲ್ಲ. ದೋಷವಲ್ಲ, ಕಂಬದ ಮೇಲಿರುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದೆಂದು ಹಾಗೆ ಮಾಡಿರುವುದು. ಹಾಕಿಸಿದ ಮೇಲೆ ಮೊದಲ ಮಳೆಗೆ ಇದು ಗೊತ್ತಾಗಿ ಬೇಸರಪಡುವವರು ಮಲೆನಾಡಿನಲ್ಲಿ ಬಹಳ. ನಿಮಗೆ ಬೇಕಾದ್ದು ಫಲಕ, ಬ್ಯಾಟರಿ, ಲೈನ್ ಮೂರನ್ನೂ ನಿಭಾಯಿಸುವ ಹೈಬ್ರಿಡ್ ಇನ್ವರ್ಟರ್. ಅದರಲ್ಲಿ ಬ್ಯಾಕಪ್‌ಗೆ ಬೇರೆಯೇ ಔಟ್‌ಪುಟ್ ಇರುತ್ತದೆ. ಅಗತ್ಯದ ಹೊರೆಗಳನ್ನು ಮಾತ್ರ ಬೇರೆ ಬೋರ್ಡ್‌ಗೆ ತಂದು ಅದಕ್ಕೆ ಕೊಡಬೇಕು. ಕೇಂದ್ರದ ಸೂರ್ಯಘರ್ ಯೋಜನೆಯ ಸಹಾಯಧನ 1 ಕಿಲೋವ್ಯಾಟ್‌ಗೆ 30,000, ಎರಡಕ್ಕೆ 60,000, ಮೂರು ಮತ್ತು ಮೇಲೆ 78,000 ರೂಪಾಯಿ. ಅದು ಫಲಕದ ಲೆಕ್ಕಕ್ಕೆ. ಬ್ಯಾಟರಿಯ ಹಣ ನಿಮ್ಮದೇ.

ಎಷ್ಟು ದೊಡ್ಡದು ಬೇಕು? ಫ್ರಿಜ್ ದಿನಕ್ಕೆ 1 ಯೂನಿಟ್, 9 ವ್ಯಾಟ್‌ನ ಆರು ಎಲ್‌ಇಡಿ ಐದು ಗಂಟೆಗೆ 0.27, ಕಡಿಮೆ ವಿದ್ಯುತ್ ತಿನ್ನುವ ಬಿಎಲ್‌ಡಿಸಿ ಮಾದರಿಯ ಮೂರು ಫ್ಯಾನ್ ಎಂಟು ಗಂಟೆಗೆ 0.7, ಟಿ.ವಿ. ಮೂರು ಗಂಟೆಗೆ 0.24, ಇಂಟರ್‌ನೆಟ್ ಪೆಟ್ಟಿಗೆ ದಿನವಿಡೀ 0.24. ಒಟ್ಟು ಎರಡೂವರೆ ಯೂನಿಟ್. ಹದಿನಾರು ಸೆಲ್‌ನ 51.2 ವೋಲ್ಟ್, 100 ಆಂಪಿಯರ್-ಗಂಟೆಯ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 5.1 ಯೂನಿಟ್ ಇರುತ್ತದೆ. ಶೇ. 90 ಬಳಸಿ, ಇನ್ವರ್ಟರ್ ನಷ್ಟ ಕಳೆದರೆ ಕೈಗೆ ನಾಲ್ಕು. ಒಂದೂವರೆ ದಿನ ಆರಾಮ. ಜುಲೈನ ಕಪ್ಪು ಮೋಡದ ದಿನ 3 ಕಿಲೋವ್ಯಾಟ್ ಫಲಕ ನಾಲ್ಕೈದು ಯೂನಿಟ್ ಕೊಟ್ಟರೂ ಅದೃಷ್ಟ. ಆದರೆ ನಿಮ್ಮ ಎರಡೂವರೆಗೆ ಅಷ್ಟು ಸಾಕು. ಹೀಗೆ ಮೂರು ದಿನವಲ್ಲ, ವಾರವೂ ತಳ್ಳಬಹುದು. 150 ಆಂಪಿಯರ್-ಗಂಟೆಯ ಎರಡು ಟ್ಯೂಬುಲರ್ (ಲೆಡ್-ಆಸಿಡ್) ಬ್ಯಾಟರಿ ಹಾಕಿದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುವಂತಿಲ್ಲ, ಕೈಗೆ ಸಿಗುವುದು ಒಂದೂವರೆ ಯೂನಿಟ್. ಮೋಡದ ದಿನಗಳಲ್ಲಿ ಅವು ಅರ್ಧ ಚಾರ್ಜ್‌ನಲ್ಲೇ ವಾರಗಟ್ಟಲೆ ಕೂತು ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಮಲೆನಾಡಿನಲ್ಲಿ ಲೆಡ್ ಬ್ಯಾಟರಿ ಬೇಗ ಸಾಯಲು ಇದೇ ಕಾರಣ. ಈಗಾಗಲೇ ಅದು ಇದ್ದರೆ ಡಿಸ್ಟಿಲ್ಡ್ ವಾಟರನ್ನೇ ಹಾಕಿ, ಬಾವಿ ನೀರು ಬೇಡ.

ಗೀಸರ್, ಇಂಡಕ್ಷನ್ ಒಲೆ ಬ್ಯಾಟರಿಗೆ ಬೇಡ. ಬಚ್ಚಲ ಹಂಡೆ ಇದೆಯಲ್ಲ. ಕೊನೆಕೊಯ್ಲಿನ ಹೊತ್ತಿಗೆ ಅಡಿಕೆ ಸುಲಿಯುವ ಯಂತ್ರವನ್ನು ಇದಕ್ಕೆ ಜೋಡಿಸುವ ಆಸೆಯಾಗುತ್ತದೆ, ಜೋಡಿಸಬೇಡಿ. 2 ಎಚ್‌ಪಿ ಮೋಟರು ಶುರುವಾಗುವಾಗ ಐದಾರು ಪಟ್ಟು ಕರೆಂಟು ಎಳೆಯುತ್ತದೆ, ಇನ್ವರ್ಟರ್ ಟ್ರಿಪ್ ಆಗುತ್ತದೆ, ಪದೇ ಪದೇ ಆದರೆ ಸುಡುತ್ತದೆ.

ಇಡುವ ಜಾಗಕ್ಕೆ ಗಮನ ಕೊಡಿ. ಹೆಂಚಿನ ಕೆಳಗಿನ ಅಟ್ಟ ಬೇಸಿಗೆಯಲ್ಲಿ ಕಾದ ಬಾಣಲೆ. ಕೊಟ್ಟಿಗೆಯ ಪಕ್ಕ ಇಟ್ಟರೆ ಗಂಜಲದ ಅಮೋನಿಯಾಕ್ಕೆ ತಾಮ್ರ ಹಸಿರುಗಟ್ಟುತ್ತದೆ. ನೆಲಮಟ್ಟದ, ಗಾಳಿಯಾಡುವ, ಮಲಗದ ಕೋಣೆ. ನೆಲದಿಂದ ಒಂದಡಿ ಮೇಲೆ. ಇನ್ವರ್ಟರ್‌ನ ಗಾಳಿಕಿಂಡಿಗೆ ಸಣ್ಣ ಜಾಲರಿ ಇರಲಿ, ಒಳಗೆ ಹೊಕ್ಕ ಹಲ್ಲಿ-ಇರುವೆಗಳಿಂದ ಸುಟ್ಟ ಬೋರ್ಡ್‌ಗಳಿಗೆ ಲೆಕ್ಕವಿಲ್ಲ. 3 ಕಿಲೋವ್ಯಾಟ್ ಹೊರೆಗೆ ಬ್ಯಾಟರಿ ತಂತಿಯಲ್ಲಿ 65-70 ಆಂಪಿಯರ್ ಹರಿಯುತ್ತದೆ: 25 ಚದರ ಮಿಲಿಮೀಟರ್ ತಾಮ್ರದ ತಂತಿ, 100 ಅಥವಾ 125 ಆಂಪಿಯರ್‌ನ ಡಿ.ಸಿ. ಫ್ಯೂಸು ಬೇಕು. ತಂತಿಯ ತುದಿಗೆ ಹಾಕುವ ಲಗ್ ಸಡಿಲವಿದ್ದರೆ ಅಲ್ಲೇ ಬಿಸಿಯಾಗುತ್ತದೆ. ಹಾಕಿಸಿ ಒಂದು ತಿಂಗಳಾದ ಮೇಲೆ ಎಲ್ಲವನ್ನೂ ಆಫ್ ಮಾಡಿಸಿ ಮತ್ತೊಮ್ಮೆ ಬಿಗಿ ಮಾಡಿಸಿ. ಫಲಕದ ಕೆಳ ಅಂಚಿನಲ್ಲಿ ಮಳೆಗಾಲದ ಪಾಚಿ ಕಟ್ಟುತ್ತದೆ, ಸೆಪ್ಟೆಂಬರ್‌ನಲ್ಲಿ ಮೆತ್ತನೆ ಬಟ್ಟೆಯಿಂದ ಒರೆಸಿ. ಒಂದೇ ಅಡಿಕೆ ಮರದ ನೆರಳು ಅಡ್ಡ ಬಿದ್ದರೂ ಇಡೀ ಸಾಲಿನ ಉತ್ಪಾದನೆ ಇಳಿಯುತ್ತದೆ.

ಸಿಡಿಲಿನ ಹೆಚ್ಚುವರಿ ವೋಲ್ಟೇಜನ್ನು ನೆಲಕ್ಕಿಳಿಸುವ ಸರ್ಜ್ ಅರೆಸ್ಟರ್, ಫಲಕದ ಡಿ.ಸಿ. ಕಡೆಗೂ ಲೈನಿನ ಎ.ಸಿ. ಕಡೆಗೂ ಇರಲೇಬೇಕು. ಅದರ ಕೆಲಸ ಅರ್ಥಿಂಗ್ ಮೇಲೆ ನಿಂತಿದೆ. ಜಂಬಿಟ್ಟಿಗೆ ನೆಲ ಮಳೆಗಾಲದಲ್ಲಿ ಒಳ್ಳೆಯ ಅರ್ಥ್ ಕೊಡುತ್ತದೆ, ಏಪ್ರಿಲ್‌ನಲ್ಲಿ ಒಣಗಿ ಕಲ್ಲಾಗಿರುತ್ತದೆ. ಸಿಡಿಲಿನ ಮಳೆ ಬರುವುದೂ ಆಗಲೇ. ಅಳತೆಯನ್ನು ಬೇಸಿಗೆಯಲ್ಲೇ ಮಾಡಿಸಿ, 5 ಓಮ್‌ಗಿಂತ ಕಡಿಮೆ ಬರಲಿ, ಫೆಬ್ರವರಿಯಿಂದ ವಾರಕ್ಕೊಂದು ಕೊಡ ನೀರನ್ನು ಅರ್ಥಿಂಗ್ ಗುಂಡಿಗೆ ಹೊಯ್ಯಿರಿ.

ಹಣದ ದೃಷ್ಟಿಯಿಂದ ಕೇಳಿದರೆ, ನೀವು ಗೃಹಜ್ಯೋತಿಯ ಮಿತಿಯೊಳಗೇ ಬಳಸುವವರಾಗಿ ಬಿಲ್ ಸೊನ್ನೆ ಬರುತ್ತಿದ್ದರೆ, ಈ ಬ್ಯಾಟರಿಯ ಖರ್ಚು ಉಳಿತಾಯದಿಂದ ವಾಪಸು ಬರುವುದಿಲ್ಲ. ಕತ್ತಲೆಯಿಂದ, ಫ್ರಿಜ್‌ನಲ್ಲಿ ಔಷಧಿ ಕೆಡುವುದರಿಂದ, ಫೋನು ಸತ್ತು ಹೊರಜಗತ್ತಿನ ಸಂಪರ್ಕ ತಪ್ಪುವುದರಿಂದ ಪಾರಾಗಲು ಕೊಡುವ ಬೆಲೆ ಅದು. ವಯಸ್ಸಾದವರಿರುವ ಮನೆಗೆ ಆ ಬೆಲೆ ಹೆಚ್ಚಲ್ಲ ಎಂಬುದು ನನ್ನ ಅಭಿಪ್ರಾಯ.

ಕೆಲಸ ಮುಗಿದ ದಿನ, ಹಾಕಿದವರು ಹೊರಡುವ ಮೊದಲು ಒಂದು ಪರೀಕ್ಷೆ ಮಾಡಿಸಲೇಬೇಕು. ಮೀಟರ್ ಪಕ್ಕದ ಮೇನ್ ತೆಗೆಯಲಿ. ಬ್ಯಾಕಪ್‌ನಲ್ಲಿ ಮನೆಯ ದೀಪಗಳು ಉರಿಯುತ್ತಿರಲಿ. ಆಗ ಮೇನ್ ಸ್ವಿಚ್‌ನ ಮನೆ ಕಡೆಯ ತುದಿಯಲ್ಲಿ ಫೇಸ್-ನ್ಯೂಟ್ರಲ್ ಎರಡನ್ನೂ ಮಲ್ಟಿಮೀಟರ್ ಹಚ್ಚಿ ಅಳೆಯಲಿ. ಸೊನ್ನೆ ತೋರಿಸಬೇಕು. ವೋಲ್ಟೇಜ್ ಏನಾದರೂ ತೋರಿಸಿದರೆ ನಿಮ್ಮ ಬ್ಯಾಟರಿಯ ವಿದ್ಯುತ್ ಹಿಂದಕ್ಕೆ ಟಿಸಿಗೆ ಹರಿಯಬಲ್ಲದು ಎಂದರ್ಥ. ಟಿಸಿ ಅದನ್ನು 11 ಸಾವಿರ ವೋಲ್ಟ್ ಮಾಡಿ, ಮಳೆಯಲ್ಲಿ ಮರ ಕಡಿದು ನಿಮ್ಮ ಲೈನ್ ಸರಿ ಮಾಡಲು ಕಂಬ ಹತ್ತಿದವನ ಕೈಗೆ ಕೊಡುತ್ತದೆ. ಸೊನ್ನೆ ಬರುವ ತನಕ ಅವರಿಗೆ ಪೂರ್ತಿ ಹಣ ಕೊಡಬೇಡಿ.